ಝೆನ್ ಮುಂದಿನ ಕ್ರ್ಯಾಂಕ್ ಸೀಲ್: ಹೊಸದು ಹಾಕಿಸಿದರೂ ಮತ್ತೆ ಸೋರುತ್ತಿದೆ, ಇಂಜಿನ್ ಇಳಿಸಬೇಕಾ?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ನಮ್ಮದು 2002ರ ಮಾರುತಿ ಝೆನ್ ಎಲ್‌ಎಕ್ಸ್‌ಐ. ಅಪ್ಪನ ಕಾರು, ಮಾರುವ ಮಾತೇ ಇಲ್ಲ. ಕಳೆದ ಮಳೆಗಾಲಕ್ಕೆ ಮುಂಚೆ ಡ್ರೈವರ್ ಕಡೆಯ ಚಕ್ರದ ಒಳಗೆ, ಇಂಜಿನ್ ಪುಲ್ಲಿ ಇರುವ ಜಾಗದಲ್ಲಿ ಎಣ್ಣೆ ಸೋರಲು ಶುರುವಾಯಿತು. ಇಲ್ಲಿಯ ಒಂದು ಗ್ಯಾರೇಜಿನಲ್ಲಿ ಫ್ರಂಟ್ ಆಯಿಲ್ ಸೀಲ್ (ಇಂಜಿನ್‌ನ ಮುಖ್ಯ ಶಾಫ್ಟ್ ಆದ ಕ್ರ್ಯಾಂಕ್ ಸುತ್ತ ಎಣ್ಣೆ ತಡೆಯುವ ರಬ್ಬರ್ ಬಳೆ) ಹೋಗಿದೆ ಅಂತ ಹೊಸದು ಹಾಕಿಕೊಟ್ಟರು. ದೀಪಾವಳಿ ಹೊತ್ತಿಗೆ ಮತ್ತೆ ಅದೇ ಕಥೆ. ಈಗ ಹೋಗಿ ಕೇಳಿದರೆ, "ಕ್ರ್ಯಾಂಕೇ ಹೋಗಿದೆ ಸರ್, ಇಂಜಿನ್ ಇಳಿಸಿ ಪೂರ್ತಿ ಓವರ್‌ಹಾಲ್ ಮಾಡಿಸಿ, 35 ಸಾವಿರ ಇಟ್ಕೊಳ್ಳಿ" ಅನ್ನುತ್ತಿದ್ದಾರೆ.

ಹೊಗೆ ಇಲ್ಲ. ಪಿಕಪ್ ಚೆನ್ನಾಗಿದೆ. ಆಗುಂಬೆ ಘಾಟಿ ಏಸಿ ಹಾಕಿಕೊಂಡೇ ಹತ್ತುತ್ತದೆ. ಕಾರಿನ ಕೆಳಗೆ ಅಡಿಕೆ ಹಾಳೆ ಹಾಕಿಟ್ಟಿದ್ದೇವೆ, ಬೆಳಗಾದರೆ ಅದರ ಮೇಲೆ ಅಂಗೈಯಗಲ ಎಣ್ಣೆ. ಮುಂದೆ ಎಫ್‌ಸಿ ಬೇರೆ ಮಾಡಿಸಬೇಕು. ಒಂದು ರಬ್ಬರ್ ಬಳೆಗೆ ಇಡೀ ಇಂಜಿನ್ ಬಿಚ್ಚಿಸುವುದು ಸರಿಯಾ?

ದಾವಣಗೆರೆ ಪಾನಾ
ಮೊದಲು ಇಂಜಿನ್ ಇಳಿಸುವ ವಿಚಾರ ತಲೆಯಿಂದ ತೆಗೆದುಹಾಕಿ. ಈ ಜಿ10 ಇಂಜಿನ್‌ನಲ್ಲಿ ಮುಂದಿನ ಸೀಲ್ ಕೂತಿರುವುದು ಆಯಿಲ್ ಪಂಪ್ ಕೇಸಿನಲ್ಲಿ. ಕ್ರ್ಯಾಂಕ್‌ನ ಮೂತಿ ಅದರ ನಡುವಿನಿಂದ ಹೊರಗೆ ಬಂದಿರುತ್ತದೆ. ಪುಲ್ಲಿ, ಟೈಮಿಂಗ್ ಕವರ್, ಬೆಲ್ಟ್, ಕೆಳಗಿನ ಹಲ್ಲಿನ ಗಾಲಿ ತೆಗೆದರೆ ಸೀಲ್ ಎದುರಿಗೇ ಕಾಣುತ್ತದೆ. ಇಂಜಿನ್ ಗಾಡಿಯಲ್ಲೇ ಇರುತ್ತದೆ. ಸಂಪ್, ಅಂದರೆ ಕೆಳಗಿನ ಎಣ್ಣೆ ತಟ್ಟೆ ಕೂಡ ಇಳಿಸಬೇಕಿಲ್ಲ.

ಆದರೆ ನಂಗೆ ಒಂದು ಅನುಮಾನ. ಸೋರುತ್ತಿರುವುದು ಆ ಸೀಲೇ ಅಂತ ಯಾರು ನೋಡಿದರು? ಟೈಮಿಂಗ್ ಕವರಿನ ತಳದಿಂದ ಎಣ್ಣೆ ಇಳಿದರೆ ಎಲ್ಲರೂ ಕ್ರ್ಯಾಂಕ್ ಸೀಲ್ ಅಂತಾರೆ. ಮೇಲೆ ವಾಲ್ವ್ ತೆರೆಯುವ ಕ್ಯಾಮ್ ಶಾಫ್ಟಿಗೂ ಒಂದು ಸೀಲ್ ಇದೆ, ಕ್ಯಾಮ್ ಸೀಲ್. ಅದು ಸೋರಿದರೂ ಎಣ್ಣೆ ಬೆಲ್ಟ್ ಹಿಂದಿನಿಂದ ಇಳಿದು ಅದೇ ಜಾಗಕ್ಕೆ ಬರುತ್ತದೆ. ಟ್ಯಾಪೆಟ್ ಕವರ್ ಪ್ಯಾಕಿಂಗ್ ಹೋದರೂ ಅಷ್ಟೇ. ಆಯಿಲ್ ಪಂಪ್ ಕೇಸಿನ ಪ್ಯಾಕಿಂಗ್ ಇನ್ನೊಂದು. ನಾಲ್ಕಕ್ಕೂ ಬಾಗಿಲು ಒಂದೇ.

ಸೀಮೆಎಣ್ಣೆಯೋ ಡೀಗ್ರೀಸರ್ರೋ ಹಾಕಿ ಆ ಕಡೆ ಪೂರ್ತಿ ತೊಳೆಯಿರಿ. ಒಣಗಿದ ಮೇಲೆ ಸ್ವಲ್ಪ ಟಾಲ್ಕಂ ಪೌಡರ್ ಉದುರಿಸಿ. ಬೆಲ್ಟ್‌ಗೆ ತಾಗದ ಹಾಗೆ, ಹೊರಗಡೆ ಮಾತ್ರ. ಮೇಲಿನ ಕವರ್ ಬಿಚ್ಚಿ ಟಾರ್ಚ್ ಹಾಕಿ ನೋಡಿ. ಕ್ಯಾಮ್ ಗಾಲಿಯ ಹಿಂದೆ ಒಣಗಿದ್ದು, ಕೆಳಗೆ ಮಾತ್ರ ಒದ್ದೆ ಇದ್ದರೆ ಆಗ ಕ್ರ್ಯಾಂಕ್ ಸೀಲ್ ಅನ್ನೋಣ.

ಹುಬ್ಳಿ ಎಕ್ಸ್‌ಪ್ರೆಸ್
ಅಣ್ಣಾ, ಇಷ್ಟೆಲ್ಲಾ ಯಾಕೆ? ಸ್ಟಾಪ್ ಲೀಕ್ ಅಂತ ಬಾಟಲಿ ಸಿಗುತ್ತದೆ, ಆಯಿಲ್ ಜೊತೆ ಸುರಿದರೆ ಆಯಿತು. ನಮ್ಮ ಮಾವನ ಗಾಡಿಗೆ ಹಾಕಿದ್ದೆವು, ನಿಂತುಹೋಯಿತು.

ಪೀಣ್ಯ ರಬ್ಬರ್
ನಿಲ್ಲುತ್ತದೆ, ಸುಳ್ಳಲ್ಲ. ಎಷ್ಟು ದಿನ ಅನ್ನುವುದೇ ಪ್ರಶ್ನೆ. ಆ ಬಾಟಲಿ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಗಟ್ಟಿಯಾಗಿ ಕುಗ್ಗಿದ ತುಟಿ (ಸೀಲಿನ ಒಳ ಅಂಚು) ಸ್ವಲ್ಪ ದಿನ ಮತ್ತೆ ಶಾಫ್ಟಿಗೆ ತಾಗುತ್ತದೆ. ಆದರೆ ಇಂಜಿನ್ ಒಳಗಿರುವ ಚೆನ್ನಾಗಿರುವ ಸೀಲ್‌ಗಳನ್ನೂ ಅದು ಉಬ್ಬಿಸುತ್ತದೆ. ಇವರದ್ದು ಇತ್ತೀಚೆಗೆ ಹಾಕಿದ ಸೀಲ್, ಗಟ್ಟಿಯಾಗುವಷ್ಟು ವಯಸ್ಸೇ ಆಗಿಲ್ಲ. ಹಾಗಾಗಿ ಬಾಟಲಿಯಿಂದ ಏನೂ ಆಗುವುದಿಲ್ಲ.

ನಾನು ಸೀಲ್ ತಯಾರಿಸುವ ಕಡೆ ಕೆಲಸ ಮಾಡಿದವನು, ಆದ್ದರಿಂದ ಸ್ವಲ್ಪ ಉದ್ದ ಹೇಳುತ್ತೇನೆ. ಸೀಲ್ ಅಂದರೆ ಮುಚ್ಚಳ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗಲ್ಲ. ತುಟಿಗೂ ಶಾಫ್ಟಿಗೂ ನಡುವೆ ಹೆಚ್ಚುಕಡಿಮೆ ಒಂದು ಮೈಕ್ರಾನ್ ದಪ್ಪದ ಎಣ್ಣೆಯ ಪೊರೆ ಇರಲೇಬೇಕು. ಅದಿಲ್ಲದಿದ್ದರೆ ತುಟಿ ಸುಟ್ಟುಹೋಗುತ್ತದೆ. 30 ಮಿ.ಮೀ. ದಪ್ಪದ ಶಾಫ್ಟ್ 3000 ಆರ್‌ಪಿಎಂನಲ್ಲಿ ತಿರುಗಿದರೆ ಅದರ ಮೈ ಸೆಕೆಂಡಿಗೆ 4.7 ಮೀಟರ್ ಓಡುತ್ತದೆ. ಅಷ್ಟು ವೇಗದಲ್ಲಿ ಪೊರೆಯನ್ನು ಹೊರಗೆ ಬಿಡದೆ ಒಳಗೇ ತಳ್ಳುತ್ತಾ ಇರುವುದು ತುಟಿಯ ಕೆಲಸ. ಶಾಫ್ಟ್ ಮೇಲೆ ಉದ್ದುದ್ದಕ್ಕೆ ಒಂದೇ ಒಂದು ಗೀರು ಬಿದ್ದರೆ ಎಣ್ಣೆಗೆ ಅದೇ ಕಾಲುವೆ.

ರಬ್ಬರಿನ ಜಾತಿಯೂ ಮುಖ್ಯ. ನೈಟ್ರೈಲ್ ಸುಮಾರು 100 ಡಿಗ್ರಿವರೆಗೆ ನೆಮ್ಮದಿಯಾಗಿರುತ್ತದೆ. ಅದರಾಚೆ ಬೇಗ ಗಟ್ಟಿಯಾಗುತ್ತದೆ. ಅಕ್ರಿಲಿಕ್ 150ರ ಹತ್ತಿರ, ವಿಟಾನ್ 200ರ ಹತ್ತಿರ ತಡೆಯುತ್ತದೆ. ಡಬ್ಬಿಯ ಮೇಲೆ ಅಥವಾ ಸೀಲ್ ಮುಖದ ಮೇಲೆ ಎನ್‌ಬಿಆರ್ (ನೈಟ್ರೈಲ್), ಎಸಿಎಂ (ಅಕ್ರಿಲಿಕ್), ಎಫ್‌ಕೆಎಂ (ವಿಟಾನ್) ಅಂತ ಇರುತ್ತದೆ, ಓದಿ ತೆಗೆದುಕೊಳ್ಳಿ. ಕಂದು ಬಣ್ಣ ಇದ್ದರೆ ವಿಟಾನ್ ಅಂತ ಕೌಂಟರಿನಲ್ಲಿ ಹೇಳಿದರೆ ನಂಬಬೇಡಿ. ಬಣ್ಣ ಯಾರು ಬೇಕಾದರೂ ಹಾಕಬಹುದು.

ಹುಬ್ಳಿ ಎಕ್ಸ್‌ಪ್ರೆಸ್
ಸರಿ ಗುರುಗಳೇ, ಬಾಟಲಿ ವಾಪಸ್ ತೊಗೊಂಡೆ 😄 ಮಾವನ ಗಾಡಿ ಆಮೇಲೆ ಮಾರಿಬಿಟ್ಟರು, ಸೋರಿತೋ ಇಲ್ಲವೋ ಗೊತ್ತಿಲ್ಲ.

ತುಂಗಾತೀರ
ಪಾನಾ ಸರ್ ಹೇಳಿದಂತೆ ತೊಳೆದು ನೋಡಿದೆ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೋಗಿ ಬಂದು ಮೇಲಿನ ಕವರ್ ಬಿಚ್ಚಿದೆ. ಕ್ಯಾಮ್ ಗಾಲಿಯ ಹಿಂದೆ ಒಣ ಒಣ, ಧೂಳು ಕೂಡ ಹಾಗೇ ಕೂತಿದೆ. ಟ್ಯಾಪೆಟ್ ಕವರ್ ಅಂಚೂ ಒಣಗಿದೆ. ಕೆಳಗೆ ಪುಲ್ಲಿಯ ಹಿಂದಿನಿಂದ ಎಣ್ಣೆ ಸಿಡಿದು ಚಕ್ರದ ಒಳಗೋಡೆಯ ಮೇಲೆ ಅರ್ಧಚಂದ್ರದ ಹಾಗೆ ಗೆರೆ ಎಳೆದಿದೆ. ಅಂದರೆ ಕ್ರ್ಯಾಂಕ್ ಸೀಲೇ ಅಲ್ವಾ?

ಇನ್ನೊಂದು ವಿಷಯ. ಇಂಜಿನ್ ಓಡುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದರೆ ಬುಸ್ ಬುಸ್ ಅಂತ ಗಾಳಿ ಬರುತ್ತದೆ. ಇದು ಮಾಮೂಲಾ?

ದಾವಣಗೆರೆ ಪಾನಾ
ಸಿಕ್ಕಿತು ನೋಡಿ! ಅದು ಮಾಮೂಲಲ್ಲ. ಸ್ವಲ್ಪ ಅಲುಗಾಟ ಇರುತ್ತದೆ, ಬುಸ್ ಅನ್ನಬಾರದು. ಐಡ್ಲಿಂಗ್‌ನಲ್ಲಿ ಮುಚ್ಚಳದ ಜಾಗಕ್ಕೆ ಒಂದು ಕಾಗದ ಇಟ್ಟರೆ ಅದು ಮೆಲ್ಲಗೆ ಒಳಗೆಳೆದುಕೊಳ್ಳಬೇಕು. ಹಾರಿ ಬೀಳಬಾರದು.

ಪಿಸ್ಟನ್ ಪಕ್ಕದಿಂದ ಒಂದಿಷ್ಟು ಗ್ಯಾಸ್ ಕೆಳಗೆ ಇಳಿಯುವುದು ಎಲ್ಲಾ ಇಂಜಿನ್‌ಗೂ ಇದ್ದದ್ದೇ. ಅದನ್ನು ಪಿಸಿವಿ ವಾಲ್ವ್ ಮೂಲಕ ಮ್ಯಾನಿಫೋಲ್ಡ್ ಎಳೆದುಕೊಂಡು ಸುಡುತ್ತದೆ. ಆ ವಾಲ್ವ್ ಅಥವಾ ಅದರ ಪೈಪು ಮಡ್ಡಿ ಕಟ್ಟಿದರೆ ಗ್ಯಾಸ್‌ಗೆ ದಾರಿ ಇಲ್ಲ. ಒತ್ತಡ ಎಲ್ಲಿ ಬಲ ಕಡಿಮೆಯೋ ಅಲ್ಲಿಂದ ಎಣ್ಣೆಯನ್ನು ಹೊರಗೆ ನೂಕುತ್ತದೆ. ಹೊಸ ಸೀಲ್ ಹಾಕಿದರೂ ನೂಕುತ್ತದೆ. ಇದನ್ನು ನೋಡದೆ ಸೀಲ್ ಮೇಲೆ ಸೀಲ್ ಹಾಕುತ್ತಾ ಹೋಗುವವರು ಬಹಳ ಜನ.

ವಾಲ್ವ್ ತೆಗೆದು ಕಿವಿ ಹತ್ತಿರ ಅಲ್ಲಾಡಿಸಿ. ಕಟಕಟ ಅನ್ನಬೇಕು. ಪೈಪಿನಲ್ಲಿ ಊದಿ ನೋಡಿ. ಡಿಪ್‌ಸ್ಟಿಕ್‌ನಲ್ಲಿ ಎಣ್ಣೆ ಮೇಲಿನ ಗೆರೆ ದಾಟಿದೆಯಾ ಅದನ್ನೂ ನೋಡಿ. ಸೋರುತ್ತದೆ ಅಂತ ಕೆಲವರು ಜಾಸ್ತಿ ಸುರಿದಿರುತ್ತಾರೆ.

ತುಂಗಾತೀರ
ಅಲ್ಲಾಡಿಸಿದೆ. ಸದ್ದೇ ಇಲ್ಲ, ಒಳಗೆ ಜೋನಿಬೆಲ್ಲದ ಹಾಗೆ ಕಪ್ಪು ಮಡ್ಡಿ. ಪೈಪಿನಲ್ಲಿ ಊದಿದರೆ ಕೆನ್ನೆ ನೋಯುತ್ತದೆ ಅಷ್ಟೇ, ಗಾಳಿ ಆಚೆ ಹೋಗುವುದಿಲ್ಲ. ಎರಡೂ ಹೊಸದು ತರಿಸುತ್ತಿದ್ದೇನೆ. ವಾಲ್ವ್ ಹಾಕಿದರೆ ಸೋರುವುದು ತಾನಾಗೇ ನಿಲ್ಲಬಹುದಾ?

ಪೀಣ್ಯ ರಬ್ಬರ್
ಕಡಿಮೆ ಆಗಬಹುದು. ಆದರೆ ತುಟಿ ಒಂದು ಸಲ ಒತ್ತಡಕ್ಕೆ ಹೊರಮುಖವಾಗಿ ಮಡಚಿಕೊಂಡಿದ್ದರೆ ಮತ್ತೆ ನೆಟ್ಟಗಾಗುವುದಿಲ್ಲ. ಎಣ್ಣೆ ಟೈಮಿಂಗ್ ಬೆಲ್ಟ್‌ಗೆ ಬೇರೆ ತಾಗಿದೆ. ಎಣ್ಣೆ ಕುಡಿದ ಬೆಲ್ಟ್ ಉಬ್ಬುತ್ತದೆ, ಹಲ್ಲು ಬಿಡುತ್ತದೆ. ಹೇಗೂ ಬಿಚ್ಚಲೇಬೇಕು.

ಹೇಮಾವತಿ ಬಲದಂಡೆ
ನನ್ನ ಬಳಿಯೂ ಝೆನ್ ಇದೆ, ಸೀಲ್ ಕೆಲಸ ನಾನೂ ತಮ್ಮನೂ ಸೇರಿ ಮನೆಯಂಗಳದಲ್ಲೇ ಮಾಡಿದ್ದೆವು. ಅರ್ಧ ಕಷ್ಟ ಇರುವುದು ಒಂದೇ ಬೋಲ್ಟಿನಲ್ಲಿ. ಕ್ರ್ಯಾಂಕ್ ನಡುವಿನ 17ರ ಬೋಲ್ಟ್. ಪಾನಾ ಹಾಕಿ ಎಳೆದರೆ ಇಂಜಿನ್ನೇ ತಿರುಗುತ್ತದೆ, ಬೋಲ್ಟ್ ಬಿಡುವುದಿಲ್ಲ.

ತಮ್ಮನನ್ನು ಕೂರಿಸಿ ಐದನೇ ಗೇರ್ ಹಾಕಿಸಿ ಬ್ರೇಕ್ ಒತ್ತಿಸಿದೆ. ಚಕ್ರ ಬಿಚ್ಚಿದ್ದರೂ ಬ್ರೇಕ್ ಹಿಡಿಯುತ್ತದೆ, ಚಿಂತೆಯಿಲ್ಲ. ಆರು ಮೂಲೆಯ ಸಾಕೆಟ್, ಅದಕ್ಕೆ ಉದ್ದ ಹಿಡಿ, ಹಿಡಿಗೆ ನೀರಿನ ಜಿಐ ಪೈಪ್ ತುಂಡು. ಟಕ್ ಅಂತ ಒಂದು ಸದ್ದು ಬಂತು. ಬೋಲ್ಟ್ ಮುರಿಯಿತು ಅಂತ ಇಬ್ಬರೂ ಮುಖ ನೋಡಿಕೊಂಡೆವು. ಬಿಟ್ಟಿತ್ತು ಅಷ್ಟೇ. ಹನ್ನೆರಡು ಮೂಲೆಯ ಸಾಕೆಟ್ ಮಾತ್ರ ಬೇಡ, ತಲೆ ಉರುಟಾದರೆ ಆಮೇಲೆ ವೆಲ್ಡಿಂಗ್‌ನವರೇ ಗತಿ.

ಮರೆಯಬೇಡಿ: ಗಾಡಿಯನ್ನು ಬರೀ ಜಾಕಿ ಮೇಲೆ ನಿಲ್ಲಿಸಬೇಡಿ. ಸ್ಟ್ಯಾಂಡ್ ಇಡಿ. ಪೈಪ್ ಹಾಕಿ ಎಳೆಯುವಾಗ ಗಾಡಿ ಅಲ್ಲಾಡುತ್ತದೆ.

ಹುಬ್ಳಿ ಎಕ್ಸ್‌ಪ್ರೆಸ್
ಮೇಡಂ, ಅಷ್ಟು ತೊಂದರೆ ಬೇಡ. ಪಾನಾವನ್ನು ನೆಲಕ್ಕೆ ಆನಿಸಿ ಒಂದು ಸಲ ಸೆಲ್ಫ್ ಹೊಡೆದರೆ ಬೋಲ್ಟ್ ತಾನೇ ಬಿಡುತ್ತದೆ. ಎಲ್ಲಾ ಗ್ಯಾರೇಜಿನಲ್ಲೂ ಮಾಡುತ್ತಾರೆ.

ಹೇಮಾವತಿ ಬಲದಂಡೆ
ಮಾಡುತ್ತಾರೆ. ಪಾನಾ ಜಾರಿದರೆ ಎಲ್ಲಿಗೆ ಹಾರುತ್ತದೆ ಅಂತ ಅವರಿಗೆ ಅಂದಾಜಿರುತ್ತದೆ. ನಮಗಿಲ್ಲ. ಇಂಜಿನ್ ಸ್ಟಾರ್ಟ್ ಆಗಿಬಿಟ್ಟರೆ? ಮನೆಯಲ್ಲಿ ಮಾಡುವವರಿಗೆ ಈ ಸಲಹೆ ಕೊಡಬೇಡಿ ಅಣ್ಣ.

ದಾವಣಗೆರೆ ಪಾನಾ
ಮೇಡಂ ಹೇಳಿದ್ದೇ ಸರಿ. ಸೆಲ್ಫ್ ಹೊಡೆಯುವ ಆಟ ನಾವೂ ಆಡಿದ್ದೇವೆ, ಈಗ ಹುಡುಗರಿಗೆ ಹೇಳಿಕೊಡುವುದಿಲ್ಲ. ಬ್ರೇಕಿನಲ್ಲಿ ಹಿಡಿಯದಿದ್ದರೆ ಗೇರ್‌ಬಾಕ್ಸ್ ಕಡೆ ಫ್ಲೈವೀಲ್ ಹಲ್ಲಿಗೆ ದಪ್ಪ ಸ್ಕ್ರೂಡ್ರೈವರ್ ಕೊಟ್ಟು ಹಿಡಿಸಿ.

ಇನ್ನು ಕೆಲಸದ ಕ್ರಮ ಹೇಳುತ್ತೇನೆ. ಬ್ಯಾಟರಿ ನೆಗೆಟಿವ್ ಬಿಚ್ಚಿ. ಏಸಿ ಬೆಲ್ಟ್, ಆಲ್ಟರ್ನೇಟರ್ ಬೆಲ್ಟ್ ತೆಗೆಯಿರಿ. ವಾಟರ್ ಪಂಪ್ ಪುಲ್ಲಿ, ಕ್ರ್ಯಾಂಕ್ ಪುಲ್ಲಿ, ಆಮೇಲೆ ಟೈಮಿಂಗ್ ಕವರ್. ಈಗ ನಿಲ್ಲಿ. ಕೈ ಒರೆಸಿಕೊಂಡು, ಇಂಜಿನ್ ತಿರುಗುವ ದಿಕ್ಕಿನಲ್ಲೇ ಪಾನಾದಿಂದ ತಿರುಗಿಸಿ ಗುರುತು ಕೂಡಿಸಿ. ಕ್ರ್ಯಾಂಕ್ ಗಾಲಿಯ ಚುಕ್ಕೆ ಆಯಿಲ್ ಪಂಪ್ ಕೇಸಿನ ಬಾಣಕ್ಕೆ ನೇರ ಬರಬೇಕು. ಮೇಲೆ ಕ್ಯಾಮ್ ಗಾಲಿಯ ಗುರುತು ತನ್ನ ಜಾಗಕ್ಕೆ ಬರಬೇಕು. ಫೋಟೋ ತೆಗೆಯಿರಿ. ಬಿಳಿ ಪೇಂಟಿನಲ್ಲಿ ನಿಮ್ಮದೇ ಗುರುತು ಹಾಕಿಕೊಳ್ಳಿ. ಬೆಲ್ಟ್ ತೆಗೆದ ಮೇಲೆ ಕ್ಯಾಮ್ ಆಗಲಿ ಕ್ರ್ಯಾಂಕ್ ಆಗಲಿ ಬೇರೆ ಬೇರೆ ತಿರುಗಿಸುವ ಹಾಗಿಲ್ಲ. ಅದಕ್ಕೇ 17ರ ಬೋಲ್ಟನ್ನು ಬೆಲ್ಟ್ ಇರುವಾಗಲೇ ಸಡಿಲ ಮಾಡಿಟ್ಟುಕೊಳ್ಳಿ.

ಗಾಲಿ ತೆಗೆದರೆ ಕ್ರ್ಯಾಂಕ್ ಮೇಲೆ ಚಿಕ್ಕ ಕೀ ಇರುತ್ತದೆ, ಗಾಲಿ ಜಾರದಂತೆ ಹಿಡಿಯುವ ಲೋಹದ ತುಂಡು. ಅದು ಬಿದ್ದುಹೋಗದಂತೆ ನೋಡಿಕೊಳ್ಳಿ. ಹಿಂದೆ ಬೆಲ್ಟ್ ಗೈಡ್ ತಟ್ಟೆ, ಅದು ಯಾವ ಮುಖ ಮಾಡಿ ಕೂತಿತ್ತು ಅಂತ ಅದರ ಫೋಟೋನೂ ತೆಗೆಯಿರಿ.

ಹಳೇ ಸೀಲ್ ತೆಗೆಯುವುದಕ್ಕೆ ಮೊದಲು ಅದು ಎಷ್ಟು ಆಳಕ್ಕೆ ಕೂತಿದೆ, ನೆಟ್ಟಗಿದೆಯಾ ಓರೆಯಾಗಿದೆಯಾ ನೋಡಿ ಬರೆದಿಡಿ. ಕೊಕ್ಕೆ ಇದ್ದರೆ ಕೊಕ್ಕೆಯಲ್ಲಿ ಎಳೆಯಿರಿ. ಇಲ್ಲದಿದ್ದರೆ ಸ್ಕ್ರೂಡ್ರೈವರ್ ತುದಿಗೆ ಟೇಪ್ ಸುತ್ತಿ ಮೀಟಿ. ಕೆಲವರು ಡ್ರಿಲ್ ಹಾಕಿ ಸ್ಕ್ರೂ ತಿರುಗಿಸಿ ಎಳೆಯುತ್ತಾರೆ. ಅದೂ ಆಗುತ್ತದೆ, ಆದರೆ ಬಿಟ್ ಜಾರಿ ಕ್ರ್ಯಾಂಕ್‌ಗೆ ಗೀರು ಬಿದ್ದರೆ ಪೀಣ್ಯದವರು ಹೇಳಿದ ಕಾಲುವೆ ನೀವೇ ತೋಡಿದ ಹಾಗೆ.

ಪೀಣ್ಯ ರಬ್ಬರ್
ಹಾಕುವ ಕಡೆ ನಾನು ಎರಡು ಮಾತು ಸೇರಿಸುತ್ತೇನೆ. ಕ್ರ್ಯಾಂಕ್ ಮೂತಿಯಲ್ಲಿ ಕೀ ಕೂರುವ ತೋಡು ಇದೆಯಲ್ಲ, ಅದರ ಅಂಚು ಬ್ಲೇಡಿನಷ್ಟು ಚೂಪು. ಹೊಸ ಸೀಲನ್ನು ಹಾಗೇ ತಳ್ಳಿದರೆ ತುಟಿಯಲ್ಲಿ ಕೂದಲಿನಷ್ಟು ಸೀಳು ಬೀಳುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಮೊದಲ ದಿನದಿಂದಲೇ ಸೋರುತ್ತದೆ. ಕೀ ತೆಗೆದು, ತೆಳು ಪ್ಲಾಸ್ಟಿಕ್ ಹಾಳೆಯನ್ನು ಮೂತಿಗೆ ಸುತ್ತಿ, ಅದಕ್ಕೆ ಎಣ್ಣೆ ಸವರಿ ಅದರ ಮೇಲಿನಿಂದ ಸೀಲ್ ಜಾರಿಸಿ. ಹಾಲಿನ ಪ್ಯಾಕೆಟ್ ಕವರ್ ಸಾಕು. ಆಮೇಲೆ ಹಾಳೆ ಎಳೆದುಬಿಡಿ.

ಸ್ಪ್ರಿಂಗ್ ಇರುವ ಮುಖ ಒಳಗೆ, ಎಣ್ಣೆಯ ಕಡೆಗೆ. ತುಟಿಗೆ ಇಂಜಿನ್ ಆಯಿಲ್ ಅಥವಾ ಚೂರು ಗ್ರೀಸ್. ಒಂದು ಎಚ್ಚರಿಕೆ: ಬಿಳಿ ಟೆಫ್ಲಾನ್ ತುಟಿಯ ಸ್ಪ್ರಿಂಗ್ ಇಲ್ಲದ ಸೀಲ್ ಬರುತ್ತದೆ, ಹೊಸ ಗಾಡಿಗಳಲ್ಲಿ. ಅದಕ್ಕೆ ಎಣ್ಣೆ ಹಚ್ಚಲೇಬಾರದು, ಒಣಗಿದ್ದೇ ಹಾಕಬೇಕು. ಝೆನ್‌ನದ್ದು ಮಾಮೂಲಿ ರಬ್ಬರ್.

ಸುತ್ತಿಗೆಯಿಂದ ನೇರ ಹೊಡೆಯಬೇಡಿ. ಸೀಲಿನ ಹೊರ ಅಂಚಿಗೆ ಸರಿಹೊಂದುವ ಪಿವಿಸಿ ಪೈಪ್ ತುಂಡನ್ನು ಹಾರ್ಡ್‌ವೇರ್ ಅಂಗಡಿಯಲ್ಲಿ ಆರಿಸಿ. ತುದಿ ನೆಟ್ಟಗೆ ಕತ್ತರಿಸಿರಬೇಕು. ಅದರ ಮೇಲೆ ಹಗುರವಾಗಿ ಸುತ್ತಲೂ ತಟ್ಟಿ.

ಡೆಟ್ರಾಯಿಟ್ ಕನ್ನಡಿಗ
ನಡುವೆ ಬಾಯಿ ಹಾಕುತ್ತಿದ್ದೇನೆ. ಇಲ್ಲಿ ಅಮೆರಿಕದಲ್ಲಿ ಜಿಯೋ ಮೆಟ್ರೋ ಅಂತ ಒಂದು ಕಾರಿತ್ತು, ಸುಜುಕಿಯದ್ದೇ ಕೂಸು. ಅದರಲ್ಲೂ ಇದೇ ಜಿ10 ಮನೆತನದ 993 ಸಿಸಿ ಇಂಜಿನ್. ಇಲ್ಲಿ ಮೂರು ಸಿಲಿಂಡರ್, ನಿಮ್ಮ ಝೆನ್‌ಗೆ ನಾಲ್ಕು. ಮುಂದಿನ ಸೀಲ್ ವ್ಯವಸ್ಥೆ ಒಂದೇ ಥರ. ಇಲ್ಲಿ ಹಳೇ ಮೆಟ್ರೋ ಇಟ್ಟುಕೊಂಡವರು ಹೆಚ್ಚು ಹೆದರುವುದು ಸೀಲ್‌ಗಲ್ಲ, ಆ ಕೀಗೆ. ಸೀಲ್ ಬದಲಾಯಿಸಿದವರು ನಡುವಿನ ಬೋಲ್ಟನ್ನು ಅಂದಾಜಿನಲ್ಲಿ ಬಿಗಿ ಮಾಡುತ್ತಾರೆ. ಸ್ವಲ್ಪ ಸಡಿಲ ಉಳಿದರೂ ಗಾಲಿ ಹಿಂದೆ ಮುಂದೆ ಆಡುತ್ತದೆ, ಕೀ ಸವೆದು ಕ್ರ್ಯಾಂಕ್‌ನ ತೋಡೂ ಅಗಲವಾಗುತ್ತದೆ. ಆಮೇಲೆ ನಿಜವಾಗಿಯೂ ಇಂಜಿನ್ ಇಳಿಸಬೇಕಾಗುತ್ತದೆ. ಎಷ್ಟು ಬಿಗಿಯಾಯಿತು ಅಂತ ಅಳೆಯುವ ಟಾರ್ಕ್ ರೆಂಚ್ ಬಾಡಿಗೆಗೆ ತಂದಾದರೂ ಸರಿ, ಸರ್ವೀಸ್ ಮ್ಯಾನುಯಲ್ ಹೇಳಿದಷ್ಟೇ ಬಿಗಿ ಮಾಡಿ.

ತುಂಗಾತೀರ
ಎಲ್ಲರಿಗೂ ಧನ್ಯವಾದ. ಭಾನುವಾರ ಬಿಚ್ಚಿದೆವು. ಪಕ್ಕದೂರಿನ ಒಬ್ಬ ಮೆಕ್ಯಾನಿಕ್ ಹುಡುಗ ಜೊತೆಗಿದ್ದ, ಒಳ್ಳೇ ಕೈ. ಕಂಡದ್ದು ಹೀಗೆ.

ಸೀಲ್ ಓರೆಯಾಗಿ ಕೂತಿತ್ತು. ಮೇಲಿನ ಅಂಚು ಕೇಸಿಗೆ ಸಮ, ಕೆಳಗಿನ ಅಂಚು ಒಳಗೆ ಇಳಿದುಹೋಗಿದೆ. ಮುಖದ ಮೇಲೆ ಸ್ಕ್ರೂಡ್ರೈವರ್ ಇಟ್ಟು ಹೊಡೆದ ಗುಳಿಗಳು ಕಾಣುತ್ತವೆ. ಮುಖದ ಮೇಲೆ ಅಳತೆ ಬಿಟ್ಟರೆ ಬೇರೇನೂ ಬರೆದಿಲ್ಲ, ಯಾವ ರಬ್ಬರ್ ಅಂತ ದೇವರಿಗೇ ಗೊತ್ತು. ಟೈಮಿಂಗ್ ಬೆಲ್ಟ್ ಅಂಚೆಲ್ಲ ಎಣ್ಣೆ ಕುಡಿದಿದೆ, ಹಿಂಡಿದರೆ ಮೆತ್ತಗಿದೆ.

ಚಿಂತೆ ಈಗ ಇನ್ನೊಂದು. ಕ್ರ್ಯಾಂಕ್ ಮೇಲೆ ತುಟಿ ಓಡಿದ ಜಾಗದಲ್ಲಿ ಹೊಳೆಯುವ ಗೆರೆ ಇದೆ. ಉಗುರು ಎಳೆದರೆ ಚೂರು ತಡೆಯುತ್ತದೆ. ಗ್ಯಾರೇಜಿನವರು "ಕ್ರ್ಯಾಂಕ್ ಹೋಗಿದೆ" ಅಂದದ್ದು ಇದನ್ನೇ ಇರಬೇಕು. ಮುಂದೇನು?

ದಾವಣಗೆರೆ ಪಾನಾ
ಇಷ್ಟು ಹಳೇ ಗಾಡಿಯಲ್ಲಿ ಗೆರೆ ಇಲ್ಲದ ಕ್ರ್ಯಾಂಕ್ ಹುಡುಕಿ ತೋರಿಸಿ! ಗೆರೆ ಹೊಳೆಯುವುದು ತಪ್ಪಲ್ಲ. ಉಗುರು ಸಿಕ್ಕಿಕೊಂಡರೆ ಯೋಚನೆ ಮಾಡಬೇಕು, ಚೂರು ತಡೆದರೆ ಪರವಾಗಿಲ್ಲ. 1000ರ ಎಮರಿ ಪೇಪರ್‌ಗೆ ಎಣ್ಣೆ ಹಚ್ಚಿ ಬೂಟು ಪಾಲಿಶ್ ಮಾಡುವ ಥರ ಸುತ್ತಲೂ ಎಳೆಯಿರಿ. ಉದ್ದುದ್ದ ಉಜ್ಜಬೇಡಿ. ಪುಡಿ ಒಳಗೆ ಬೀಳದಂತೆ ಬಟ್ಟೆ ತುರುಕಿ.

ಆಮೇಲೆ ಹೊಸ ಸೀಲನ್ನು ಮೊದಲಿನದಕ್ಕಿಂತ ಒಂದು ಮಿಲಿಮೀಟರಿನಷ್ಟು ಬೇರೆ ಆಳಕ್ಕೆ ಕೂರಿಸಿ. ತುಟಿ ಹೊಸ ಜಾಗದಲ್ಲಿ ಓಡಲಿ.

ಪೀಣ್ಯ ರಬ್ಬರ್
ಪಾನಾ ಸರ್, ಇದಕ್ಕೆ ನನ್ನ ಅರ್ಧ ಒಪ್ಪಿಗೆ ಮಾತ್ರ. ಬೇರೆ ಆಳಕ್ಕೆ ಕೂರಿಸುವಾಗ ಒಳಗಿರುವ ಎಣ್ಣೆ ವಾಪಸಾಗುವ ತೂತು ಮುಚ್ಚಬಾರದು. ಮುಚ್ಚಿದರೆ ಸೀಲ್ ಹಿಂದೆ ಎಣ್ಣೆ ತುಂಬಿಕೊಳ್ಳುತ್ತದೆ. ಆದ್ದರಿಂದ ಒಳಗೆ ತಳ್ಳುವುದಕ್ಕಿಂತ ಹೊರಗೆ ಬಿಡುವುದು ಕ್ಷೇಮ. ಹಾಗಂತ ಗೈಡ್ ತಟ್ಟೆಗೆ ತಾಗಬಾರದು.

ಗೆರೆ ಆಳವಿದ್ದರೆ ಸ್ಪೀಡಿ ಸ್ಲೀವ್ ಇದೆ. ಎಸ್‌ಕೆಎಫ್‌ನವರದ್ದು. ಸುಮಾರು 0.28 ಮಿ.ಮೀ. ದಪ್ಪದ ಸ್ಟೇನ್‌ಲೆಸ್ ತೋಳು, ಶಾಫ್ಟ್ ಮೇಲೆ ಬಡಿದು ಹಾಕುವುದು. ಅಷ್ಟು ತೆಳುವಾದ್ದರಿಂದ ಅದೇ ಅಳತೆಯ ಸೀಲ್ ನಡೆಯುತ್ತದೆ. ಆದರೆ ವರ್ನಿಯರ್‌ನಲ್ಲಿ ಶಾಫ್ಟ್ ಅಳೆದು ತರಿಸಬೇಕು, ಸೀಲಿಗಿಂತ ಎಷ್ಟೋ ಪಟ್ಟು ದುಬಾರಿ.

ದಾವಣಗೆರೆ ಪಾನಾ
ಹೊರಗೆ ಬಿಡುವುದು ಅಂತಲೇ ನಾನೂ ಹೇಳಹೊರಟಿದ್ದು, ಬಿಡಿಸಿ ಬರೆಯಬೇಕಿತ್ತು. ತೋಳು ಈ ಗಾಡಿಗೆ ಈಗ ಬೇಡ.

ಹೇಮಾವತಿ ಬಲದಂಡೆ
ಬೆಲ್ಟ್ ಹೊರಗೆ ಇರುವಾಗಲೇ ಕ್ಯಾಮ್ ಸೀಲ್, ಟೆನ್ಷನರ್ (ಬೆಲ್ಟ್ ಬಿಗಿಯಾಗಿಡುವ ಗಾಲಿ), ವಾಟರ್ ಪಂಪ್ ಕೂಡ ನೋಡಿಬಿಡಿ. ಈ ಇಂಜಿನ್‌ನಲ್ಲಿ ವಾಟರ್ ಪಂಪನ್ನು ತಿರುಗಿಸುವುದು ಹೊರಗಿನ ಬೆಲ್ಟ್, ಆದರೆ ಪಂಪ್ ಬಿಚ್ಚಬೇಕಾದರೆ ಟೈಮಿಂಗ್ ಬೆಲ್ಟ್ ತೆಗೆಯಲೇಬೇಕು. ಇನ್ನು ಆರು ತಿಂಗಳಿಗೆ ಪಂಪ್ ಸೋರಿದರೆ ಇಷ್ಟೂ ಕೆಲಸ ಮತ್ತೆ. ಸಾಮಾನು ಊರಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರೋಡ್. ಹಳೇ ಸೀಲ್ ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಒಳ ಅಳತೆ, ಹೊರ ಅಳತೆ, ದಪ್ಪ ಮೂರೂ ಮುಖದ ಮೇಲೆ ಅಚ್ಚಾಗಿರುತ್ತದೆ.

ತುಂಗಾತೀರ
ಮುಗಿಯಿತು. ತಂಗಿಯ ಗಂಡ ಬೆಂಗಳೂರಿನಿಂದ ಸಾಮಾನು ಕಳಿಸಿದರು: ಕ್ರ್ಯಾಂಕ್ ಸೀಲ್, ಕ್ಯಾಮ್ ಸೀಲ್, ಬೆಲ್ಟ್, ಟೆನ್ಷನರ್. ಪಂಪ್ ಕೈಯಲ್ಲಿ ತಿರುಗಿಸಿದರೆ ಸದ್ದಿಲ್ಲ, ಆಟವಿಲ್ಲ, ಹಾಗೇ ಬಿಟ್ಟೆವು. (ಹೇಮಾವತಿ ಅಕ್ಕ ಬೈಯಬೇಡಿ.) ಹಾಲಿನ ಕವರ್ ಉಪಾಯ ಸೊಗಸಾಗಿ ಆಯಿತು. ಸೀಲ್ ಕೇಸಿಗಿಂತ ಕೂದಲೆಳೆಯಷ್ಟು ಹೊರಗೆ, ಸುತ್ತಲೂ ಒಂದೇ ಸಮ ಕೂತಿದೆ. ಬೆಲ್ಟ್ ಹಾಕಿ ಕೈಯಲ್ಲಿ ಎರಡು ಸುತ್ತು ತಿರುಗಿಸಿ ಗುರುತು ಮತ್ತೆ ನೋಡಿದೆವು, ಆಮೇಲೆ ಟೆನ್ಷನರ್ ಬಿಗಿ. ಟಾರ್ಕ್ ರೆಂಚ್ ಆ ಹುಡುಗನ ಹತ್ತಿರವೇ ಇತ್ತು.

ಪಿಸಿವಿ ವಾಲ್ವ್, ಪೈಪ್ ಹೊಸದು. ಈಗ ಮುಚ್ಚಳ ತೆಗೆದರೆ ಬುಸ್ ಇಲ್ಲ. ಶೃಂಗೇರಿಗೆ ಹೋಗಿ ಬಂದು ಪುಲ್ಲಿ ಹಿಂದೆ ಬೆರಳು ಹಾಕಿ ನೋಡಿದೆ, ಒಣಗಿದೆ. ಎಲ್ಲಾ ಸೇರಿ 35 ಸಾವಿರದ ಹತ್ತಿರವೂ ಸುಳಿಯಲಿಲ್ಲ.

ದಾವಣಗೆರೆ ಪಾನಾ
ಶಭಾಷ್. ಒಂದು ತಿಂಗಳು ಬಿಟ್ಟು ಮೇಲಿನ ಕವರ್ ಬಿಚ್ಚಿ ಇನ್ನೊಂದು ಸಲ ನೋಡಿ. ಪಿಸಿವಿ ವಾಲ್ವನ್ನು ಆಯಿಲ್ ಬದಲಾಯಿಸುವಾಗಲೆಲ್ಲ ಅಲ್ಲಾಡಿಸಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ಕಾವೇರಿ 12
ನಮ್ಮದು ಕೆ ಸೀರೀಸ್ ಪೆಟ್ರೋಲ್ ಸ್ವಿಫ್ಟ್. ಅದಕ್ಕೂ ಬೆಲ್ಟ್ ಎಲ್ಲಾ ಬಿಚ್ಚಬೇಕಾ?

ದಾವಣಗೆರೆ ಪಾನಾ
ಅದಕ್ಕೆ ಟೈಮಿಂಗ್ ಚೈನ್. ಸೀಲ್ ಚೈನ್ ಕವರಿನಲ್ಲಿ ಕೂತಿದೆ, ಹೊರಗಿನಿಂದಲೇ ಸಿಗುತ್ತದೆ. ಹೊರಗಿನ ಬೆಲ್ಟ್, ಪುಲ್ಲಿ ತೆಗೆದರೆ ಸಾಕು, ಚೈನ್ ಮುಟ್ಟಬೇಕಿಲ್ಲ. ಆದರೆ ಸೋರುವುದು ಸೀಲೋ ಕವರಿನ ಅಂಚೋ ಮೊದಲು ನೋಡಿ. ಕವರಿನ ಅಂಚಾದರೆ ಕೆಲಸ ದೊಡ್ಡದು. ತೊಳೆದು ಫೋಟೋ ಹಾಕಿ.